ಐರ್ಲೆಂಡಿನ ಕುಣಿತದ ಮಟ್ಟುಗಳು : ಲಯ, ಬಂಧ, ಸಂಗ್ರಹ

೧

ಐರ್ಲೆಂಡ್ ಕನ್ನಡಿಗರಿಗೆ ಕೇವಲ ಭೂಪಟದ ಹೆಸರಲ್ಲ. ೧೯೨೪ರಲ್ಲಿ ಮೈಸೂರಿನಲ್ಲಿ ತರುಣ ಕುವೆಂಪು ಅವರ ಇಂಗ್ಲಿಷ್ ಕವಿತೆಗಳನ್ನು ನೋಡಿ, ತಾಯ್ನುಡಿಯಲ್ಲಿ ಬರೆಯುವಂತೆ ಸೂಚಿಸಿದ ಜೇಮ್ಸ್ ಕಸಿನ್ಸರು ಆ ದ್ವೀಪದ ಬೆಲ್‌ಫಾಸ್ಟಿನಲ್ಲಿ ಹುಟ್ಟಿದವರು. ಅಲ್ಲಿನ ಕಾವ್ಯ ನಾಟಕಗಳ ಪರಿಚಯ ಕನ್ನಡ ವಾಚಕರಿಗೆ ತಕ್ಕಮಟ್ಟಿಗೆ ಉಂಟು. ಸಂಗೀತದ ಪರಿಚಯ ಅಷ್ಟಿಲ್ಲ. ಇರುವ ಅಲ್ಪ ಪರಿಚಯವೂ ಏಕಮುಖವಾದುದು. ಐರಿಷ್ ಸಂಗೀತವೆಂದರೆ ಸೋತ ಜನಾಂಗದ ಶೋಕಗೀತವೆಂಬ ಕಲ್ಪನೆ ಬಹುಕಾಲದಿಂದ ರೂಢಿಯಲ್ಲಿದೆ. ಇದಕ್ಕೆ ತಾಮಸ್ ಮೂರ್ ಕವಿಯ ಜನಪ್ರಿಯತೆ ಒಂದು ಮುಖ್ಯ ಕಾರಣ. ೧೮೦೮ರಿಂದ ೧೮೩೪ರವರೆಗೆ ಕಂತುಕಂತಾಗಿ ಹೊರಬಂದ ‘ಐರಿಷ್ ಮೆಲೊಡೀಸ್’ ಸಂಪುಟಗಳಲ್ಲಿ ಆತನು ಹಳೆಯ ಮಟ್ಟುಗಳಿಗೆ ಹೊಸ ಇಂಗ್ಲಿಷ್ ಮಾತುಗಳನ್ನು ಹೊಂದಿಸಿದನು. ಪಿಯಾನೋ ಇದ್ದ ಮನೆಗಳ ದಿವಾನಖಾನೆಯಲ್ಲಿ ಆ ಹಾಡುಗಳು ನೆಲೆಸಿದವು. ಯುರೋಪು ಅವುಗಳನ್ನೇ ಐರ್ಲೆಂಡಿನ ಧ್ವನಿಯೆಂದು ಬಗೆಯಿತು.

ಆದರೆ ಹಳ್ಳಿಯ ಅಡುಗೆಮನೆಗಳಲ್ಲಿ, ನಾಲ್ಕು ದಾರಿ ಕೂಡುವ ಕಡೆಗಳಲ್ಲಿ, ಜಾತ್ರೆಗಳಲ್ಲಿ ಉಳಿದು ಬಂದ ವಾದ್ಯಸಂಗೀತದ ಬಹುಭಾಗ ಶೋಕಕ್ಕಾಗಿ ಹುಟ್ಟಿದುದಲ್ಲ, ಕುಣಿತಕ್ಕಾಗಿ ಹುಟ್ಟಿದುದು. ಪ್ರಕೃತ ವಿಚಾರ ಆ ಮಟ್ಟುಗಳ ಲಯ ಮತ್ತು ಬಂಧವನ್ನು ಕುರಿತದ್ದು. ಅದರೊಡನೆ ಮತ್ತೊಂದು ಪ್ರಶ್ನೆಯೂ ಹೆಣೆದುಕೊಂಡಿದೆ. ಕಿವಿಯಿಂದ ಕಿವಿಗೆ, ಕೈಯಿಂದ ಕೈಗೆ ಬಂದ ಕಲೆಯನ್ನು ಕಾಗದಕ್ಕೆ ಇಳಿಸಿದಾಗ ಉಳಿಯುವುದೆಷ್ಟು, ಕಳೆಯುವುದೆಷ್ಟು? ಅಂದಿನವರೆಗೆ ಅಚ್ಚಾದ ಐರಿಷ್ ಸಂಗ್ರಹಗಳಲ್ಲೆಲ್ಲ ದೊಡ್ಡದು ಸಿದ್ಧವಾದದ್ದು ಐರ್ಲೆಂಡಿನಲ್ಲಲ್ಲ, ಶಿಕಾಗೋ ನಗರದಲ್ಲಿ, ತಾಯ್ನಾಡು ಬಿಟ್ಟು ಹೋದವರ ಕೈಯಲ್ಲಿ. ಈ ಸಂಗತಿಯಿಂದ ಪ್ರಶ್ನೆಗೆ ಹೆಚ್ಚಿನ ತೂಕ ಬರುತ್ತದೆ.

೨

ಸ್ವರಲಿಪಿಯಲ್ಲಿ ಎರಡು ನಿಂತ ಗೆರೆಗಳ ನಡುವಣ ಕಾಲವನ್ನು ಆವರ್ತವೆಂದೂ ಅದರೊಳಗಿನ ಸಣ್ಣ ಎಣಿಕೆಯನ್ನು ಮಾತ್ರೆಯೆಂದೂ ಕರೆಯುವುದಾದರೆ, ಈ ಮಟ್ಟುಗಳ ಚೌಕಟ್ಟನ್ನು ಒಂದೇ ವಾಕ್ಯದಲ್ಲಿ ಹೇಳಬಹುದು: ೮ ಆವರ್ತಗಳ ಒಂದು ಖಂಡ, ಅದರ ಪುನರಾವೃತ್ತಿ; ಮತ್ತೆ ೮ ಆವರ್ತಗಳ ಎರಡನೆಯ ಖಂಡ, ಅದರ ಪುನರಾವೃತ್ತಿ; ಒಟ್ಟು ೩೨ ಆವರ್ತಗಳು. ವೇಗದ ಮಟ್ಟೊಂದು ಇಷ್ಟನ್ನು ಮುಗಿಸಲು ಅರ್ಧ ನಿಮಿಷಕ್ಕಿಂತ ತುಸು ಹೆಚ್ಚು ಕಾಲ ಸಾಕು. ಅದನ್ನು ಎರಡು ಮೂರು ಸಲ ನುಡಿಸಿ, ನಿಲ್ಲಿಸದೆ, ಅದೇ ಜಾತಿಯ ಇನ್ನೊಂದು ಮಟ್ಟಿಗೆ ಜಾರುವುದು ವಾದಕರ ಪದ್ಧತಿ.

ಹಳೆಯ ವಾದಕರು ಮೊದಲ ಖಂಡವನ್ನು ‘ಟ್ಯೂನ್’ ಎಂದೂ ಎರಡನೆಯದನ್ನು ‘ಟರ್ನ್’, ಅಂದರೆ ತಿರುವು, ಎಂದೂ ಕರೆಯುತ್ತಿದ್ದರು. ಈ ಹೆಸರುಗಳು ಸಾರ್ಥಕವಾದವು. ಮೊದಲ ಖಂಡ ಸಾಮಾನ್ಯವಾಗಿ ಕೆಳಗಿನ ಸ್ಥಾಯಿಯಲ್ಲಿ ಸಂಚರಿಸುತ್ತದೆ. ತಿರುವು ಮೇಲಿನ ಸ್ಥಾಯಿಗೆ ಏರುತ್ತದೆ. ತೋಳಿನಡಿಯ ತಿದಿಯಿಂದ ಗಾಳಿ ತುಂಬಿ ನುಡಿಸುವ ‘ಇಲಿನ್’ ಪೈಪಿನ ಹರವು ಎರಡು ಸ್ಥಾಯಿಗಳು; ಮರದ ಕೊಳಲಿನದೂ ಹೆಚ್ಚುಕಡಮೆ ಅಷ್ಟೇ. ಆದ್ದರಿಂದ ಮಟ್ಟು ವಾದ್ಯದ ಎರಡು ಅಂತಸ್ತುಗಳನ್ನೂ ಒಂದೊಂದಾಗಿ ಸುತ್ತಿ ಬರುತ್ತದೆ. ಪ್ರತಿ ಖಂಡದೊಳಗೆ ಎರಡೆರಡು ಆವರ್ತಗಳ ನಾಲ್ಕು ನುಡಿಗಳು. ಒಂದು ಮಾತು, ಅದಕ್ಕೆ ಉತ್ತರ, ಮತ್ತೆ ಮೊದಲ ಮಾತು, ಕೊನೆಗೆ ಮುಕ್ತಾಯ: ಇದು ಬಹುಸಾಮಾನ್ಯವಾದ ಜೋಡಣೆ. ಎರಡು ಖಂಡಗಳ ಮುಕ್ತಾಯವೂ ಅನೇಕ ವೇಳೆ ಒಂದೇ ಆಗಿರುತ್ತದೆ. ಷಟ್ಪದಿಯಲ್ಲಿ ಮೂರನೆಯ ಮತ್ತು ಆರನೆಯ ಸಾಲುಗಳು ಒಂದೇ ಅಳತೆಗೆ ಬಂದು ಪದ್ಯದ ಎರಡು ಅರ್ಧಗಳನ್ನು ಬಿಗಿಯುವಂತೆ ಇಲ್ಲಿ ಈ ಸಮಾನ ಮುಕ್ತಾಯ ಎರಡು ಖಂಡಗಳನ್ನು ಬಿಗಿಯುತ್ತದೆ.

ಎಂಟೇ ಏಕೆ, ಪುನರಾವೃತ್ತಿಯಾದರೂ ಏಕೆ, ಎಂದು ಕೇಳಬಹುದು. ಉತ್ತರ ಕುಣಿಯುವವನ ಕಾಲಿನಲ್ಲಿದೆ. ಹೆಜ್ಜೆಯ ಒಂದು ವಿನ್ಯಾಸ ೮ ಆವರ್ತಗಳಲ್ಲಿ ಮುಗಿಯುತ್ತದೆ. ಬಲಗಾಲಿನಿಂದ ಆರಂಭಿಸಿ ಅದನ್ನು ಮುಗಿಸಿದವನು ಎಡಗಾಲಿನಿಂದ ಆರಂಭಿಸಿ ಮತ್ತೊಮ್ಮೆ ಮಾಡಬೇಕು. ಸಂಗೀತವೂ ಆ ಖಂಡವನ್ನು ಮತ್ತೊಮ್ಮೆ ನುಡಿಯುತ್ತದೆ. ಹದಿನೆಂಟನೆಯ ಶತಮಾನದಲ್ಲಿ ಐರ್ಲೆಂಡನ್ನು ಸುತ್ತಿದ ಆರ್ಥರ್ ಯಂಗ್, ಕುಣಿತ ಕಲಿಸುವ ಮೇಷ್ಟ್ರುಗಳು ಪೈಪಿನವನನ್ನೋ ಕುರುಡು ಪಿಟೀಲುಗಾರನನ್ನೋ ಜೊತೆಗಿಟ್ಟುಕೊಂಡು ಗುಡಿಸಲಿನಿಂದ ಗುಡಿಸಲಿಗೆ ಹೋಗುತ್ತಿದ್ದುದನ್ನು ದಾಖಲಿಸಿರುವನು. ಮಟ್ಟಿನ ಜ್ಯಾಮಿತಿ ಈ ಪಾಠಶಾಲೆಯಲ್ಲಿ ಗಟ್ಟಿಯಾಯಿತೆನ್ನಬಹುದು.

ಅಪವಾದಗಳೂ ಉಂಟು. ಖಂಡಗಳನ್ನು ಮರುನುಡಿಸದೆ ಒಂದೊಂದೇ ಸಲ ನುಡಿಸುವ ಮಟ್ಟುಗಳಿವೆ. ‘ಬಕ್ಸ್ ಆಫ್ ಓರನ್‌ಮೋರ್’ ಎಂಬ ಪ್ರಸಿದ್ಧ ಮಟ್ಟಿಗೆ ಐದು ಖಂಡಗಳಿವೆ. ಒಬ್ಬನೇ ಕುಣಿಯುವ ಕೆಲವು ವಿಶೇಷ ಕುಣಿತಗಳ ಮಟ್ಟುಗಳಲ್ಲಿ ಎರಡನೆಯ ಖಂಡ ೮ನ್ನು ಮೀರಿ ಬೆಳೆಯುತ್ತದೆ. ಆದರೆ ಇವೆಲ್ಲ ನಿಯಮವನ್ನು ಬಲ್ಲ ಕಿವಿಗೆ ಮಾತ್ರ ವಿಶೇಷವೆನಿಸುವ ವ್ಯತ್ಯಾಸಗಳು.

ಸ್ವರದ ವಿಷಯದಲ್ಲಿ ನಾಲ್ಕು ಮೇಳಗಳು ಪ್ರಧಾನ. ಕರ್ನಾಟಕ ಸಂಗೀತದ ಹೆಸರುಗಳಿಂದ ಸೂಚಿಸುವುದಾದರೆ ಅವು ಶಂಕರಾಭರಣ, ಹರಿಕಾಂಭೋಜಿ, ಖರಹರಪ್ರಿಯ ಮತ್ತು ನಟಭೈರವಿ. ಇದು ಸ್ವರಗಳ ಸಾಮ್ಯ ಮಾತ್ರ, ರಾಗಭಾವದ ಸಾಮ್ಯವಲ್ಲ. ಮನೋಧರ್ಮದಿಂದ ರಾಗವನ್ನು ವಿಸ್ತರಿಸುವ ಪದ್ಧತಿ ಅಲ್ಲಿಲ್ಲ. ಅಲ್ಲಿನ ಘಟಕ ರಾಗವಲ್ಲ, ಮಟ್ಟು.

೩

ಮಟ್ಟುಗಳ ವರ್ಗೀಕರಣ ಲಯದಿಂದ ಆಗುತ್ತದೆ. ರೀಲ್ ಎಂಬುದರಲ್ಲಿ ಆವರ್ತಕ್ಕೆ ೮ ಮಾತ್ರೆ, ೪+೪. ಜಿಗ್ಗಿನಲ್ಲಿ ೬ ಮಾತ್ರೆ, ೩+೩. ಸ್ಲಿಪ್ ಜಿಗ್ಗಿನಲ್ಲಿ ೯, ಮೂರು ಮೂರರಂತೆ ಮೂರು ಗಣ. ಹಾರ್ನ್‌ಪೈಪಿನ ಎಣಿಕೆ ರೀಲಿನದೇ. ನಡಿಗೆ ನಿಧಾನ, ಜೋಡಿ ಸ್ವರಗಳಲ್ಲಿ ಮೊದಲನೆಯದು ದೀರ್ಘ, ಎರಡನೆಯದು ಹ್ರಸ್ವ. ಕಾರ್ಕ್ ಮತ್ತು ಕೆರಿ ಜಿಲ್ಲೆಗಳ ಗಡಿಯ ಶ್ಲೀವ್ ಲೂಖ್ರಾ ಸೀಮೆಯಲ್ಲಿ ಪೋಲ್ಕಾ ಮತ್ತು ೧೨ ಮಾತ್ರೆಯ ಸ್ಲೈಡ್ ಹೆಚ್ಚು ಪ್ರಿಯವಾದವು. ಇವೆಲ್ಲ ಒಂದೇ ನೆಲದಲ್ಲಿ ಹುಟ್ಟಿದವಲ್ಲ. ರೀಲ್ ಸ್ಕಾಟ್ಲೆಂಡಿನಿಂದ, ಹಾರ್ನ್‌ಪೈಪ್ ಇಂಗ್ಲೆಂಡಿನಿಂದ, ಪೋಲ್ಕಾ ಮಧ್ಯ ಯುರೋಪಿನ ಬೊಹೀಮಿಯದಿಂದ ಬಂದು ಸೇರಿದವು. ಜನಪದ ಸಂಪತ್ತೆಂದರೆ ಹೊರಗಿನ ಗಾಳಿ ಸೋಕದ ಸಂಪತ್ತೆಂದು ನಂಬುವವರಿಗೆ ಇದು ಯೋಗ್ಯ ಉತ್ತರ.

ಮಾತ್ರೆ ಎಣಿಸಿದ ಮಾತ್ರಕ್ಕೆ ಲಯ ತಿಳಿಯಿತೆಂದು ಭಾವಿಸುವುದು ತಪ್ಪು. ಕನ್ನಡ ಛಂದಸ್ಸಿನ ಪರಿಚಯವಿದ್ದವರಿಗೆ ಇದನ್ನು ವಿವರಿಸುವುದು ಸುಲಭ. ಮೂರು ಮಾತ್ರೆಯ ಗಣ ಮೂರು ಲಘುಗಳಾಗಬಹುದು, ಗುರು-ಲಘುವಾಗಬಹುದು, ಲಘು-ಗುರುವೂ ಆಗಬಹುದು; ಮೊತ್ತ ಒಂದೇ ಆದರೂ ನಡೆ ಬೇರೆ. ಜಿಗ್ಗಿನಲ್ಲಿಯೂ ಹಾಗೆಯೇ. ಮೂರು ಲಘುಗಳ ಗಣ ಪ್ರಧಾನವಾದರೆ ಅದು ಡಬಲ್ ಜಿಗ್; ಗುರು-ಲಘು ಪ್ರಧಾನವಾದರೆ ಸಿಂಗಲ್ ಜಿಗ್. ಇಷ್ಟನ್ನು ಲಿಪಿ ತೋರಿಸಬಲ್ಲದು. ಅದಕ್ಕೂ ಸೂಕ್ಷ್ಮವಾದುದೊಂದಿದೆ. ಡಬಲ್ ಜಿಗ್ಗಿನ ಮೂರು ಲಘುಗಳು ಕಾಗದದಲ್ಲಿ ಸಮಾನ, ಕೈಯಲ್ಲಿ ಸಮಾನವಲ್ಲ. ಮೊದಲನೆಯದು ಕೂದಲೆಳೆಯಷ್ಟು ಹಿಗ್ಗುತ್ತದೆ, ಎರಡನೆಯದು ಅಷ್ಟೇ ಕುಗ್ಗುತ್ತದೆ, ಮೂರನೆಯದು ಮುಂದಿನ ಗಣದ ಕಡೆಗೆ ನೂಕುತ್ತದೆ. ಅತಿಯಾದರೆ ಕುಂಟುನಡೆ, ಇಲ್ಲವಾದರೆ ಯಂತ್ರದ ನಡೆ. ಈ ಹದವನ್ನು ವಾದಕರು ‘ಲಿಫ್ಟ್’ ಎನ್ನುತ್ತಾರೆ. ಕುಣಿಯುವವನ ಪಾದವನ್ನು ನೆಲದಿಂದ ಎತ್ತಿಸುವ ಗುಣವೆಂಬುದೇ ಅದರ ಅರ್ಥ. ಅದರ ಪ್ರಮಾಣ ಸೀಮೆಯಿಂದ ಸೀಮೆಗೆ, ವಾದಕನಿಂದ ವಾದಕನಿಗೆ ಬೇರೆಯಾಗುತ್ತದೆ.

ಇಲ್ಲಿ ಇನ್ನೊಂದು ಅಂಶ ಗಮನಾರ್ಹ. ಈ ಲಯವನ್ನು ಹೊತ್ತದ್ದು ಮದ್ದಳೆಯಲ್ಲ. ‘ಬೌರಾನ್’ ಎಂಬ ಆಡಿನ ತೊಗಲಿನ ಒಮ್ಮುಖದ ಚರ್ಮವಾದ್ಯ ಇಂದು ಐರಿಷ್ ಸಂಗೀತದ ಲಾಂಛನದಂತಿದೆ. ಆದರೆ ಅದಕ್ಕೆ ಮೇಳದಲ್ಲಿ ಗೌರವದ ಸ್ಥಾನ ದೊರೆತದ್ದು ೧೯೬೦ರ ದಶಕದಲ್ಲಿ, ಶಾನ್ ಓ ರಿಯಾಡಾ ಅವರು ತಮ್ಮ ‘ಕ್ಯೋಲ್ತೋರಿ ಖೂಲನ್’ ವೃಂದದಲ್ಲಿ ಅದನ್ನು ಬಳಸಿದ ಮೇಲೆ. ಅದಕ್ಕೆ ಮುಂಚೆ ಬಹುಮಟ್ಟಿಗೆ ಒಬ್ಬನೇ ಪಿಟೀಲುಗಾರ ಇಲ್ಲವೆ ಪೈಪಿನವ, ಮುಂದೆ ಕುಣಿಯುವವರ ಪಾದದ ಸದ್ದು, ಅಷ್ಟೇ. ರಾಗವೂ ತಾಳವೂ ಒಂದೇ ಕಮಾನಿನಿಂದ ಹೊರಡಬೇಕಾಗಿತ್ತು. ಆದಕಾರಣ ಮಟ್ಟಿನ ಸ್ವರಜೋಡಣೆಯೇ ತಾಳವನ್ನು ಒಳಗೊಂಡಿದೆ.

೪

ಅಲಂಕಾರಗಳ ವಿಚಾರವೂ ಇದೇ ಬೆಳಕಿನಲ್ಲಿ ಸ್ಪಷ್ಟವಾಗುತ್ತದೆ. ಅವುಗಳಲ್ಲಿ ಮುಖ್ಯವಾದದ್ದು ‘ರೋಲ್’. ಮೂರು ಮಾತ್ರೆಯಷ್ಟು ದೀರ್ಘವಾದ ಸ್ವರವನ್ನು ಹಾಗೆಯೇ ಹಿಡಿಯದೆ ಮೂಲಸ್ವರ, ಮೇಲಿನ ಸ್ವರದ ಸ್ಪರ್ಶ, ಮೂಲಸ್ವರ, ಕೆಳಗಿನ ಸ್ವರದ ಸ್ಪರ್ಶ, ಮತ್ತೆ ಮೂಲಸ್ವರ ಎಂದು ಐದಾಗಿ ಒಡೆಯುವುದು ಅದರ ಕ್ರಮ. ಇದನ್ನು ಗಮಕಕ್ಕೆ ಹೋಲಿಸುವ ಆಸೆ ಸಹಜ; ಆದರೆ ಹೋಲಿಕೆ ದಾರಿ ತಪ್ಪಿಸುತ್ತದೆ. ಗಮಕ ಸ್ವರದ ಸ್ವರೂಪವನ್ನೇ ನಿರ್ಣಯಿಸುತ್ತದೆ. ರೋಲಿನ ಸ್ಪರ್ಶಸ್ವರಗಳು ಸ್ವರಗಳಾಗಿ ಕೇಳಿಸುವುದೇ ಇಲ್ಲ. ಅವು ಬೆರಳಿನ ಏಟುಗಳು, ದೀರ್ಘಸ್ವರದ ಮೇಲೆ ಬಾರಿಸಿದ ತಾಳ. ಪೈಪಿನಲ್ಲಿ ಗಾಳಿ ಸತತವಾಗಿ ಹರಿಯುವುದರಿಂದ ಒಂದೇ ಸ್ವರವನ್ನು ಎರಡು ಸಲ ನುಡಿಸಬೇಕಾದರೆ ನಡುವೆ ಬೆರಳೆತ್ತಿ ಸೀಳಬೇಕು. ಅತಿ ಕೆಳಗಿನ ಸ್ವರಕ್ಕೆ ಅದಕ್ಕಿಂತ ಕೆಳಗಿನ ಸ್ವರವಿಲ್ಲವಾದ್ದರಿಂದ ಅಲ್ಲಿ ರೋಲ್ ಅಸಾಧ್ಯ. ಮೇಲಿನ ಬೆರಳುಗಳಿಂದಲೇ ಸಾಲುಸಾಲಾಗಿ ಸೀಳುವ ‘ಕ್ರಾನ್’ ಎಂಬುದನ್ನು ಪೈಪಿನವರು ಕಂಡುಕೊಂಡರು. ಆಮೇಲೆ ಕೊಳಲಿನವರೂ ಪಿಟೀಲಿನವರೂ ಈ ಬೆರಳುಗಾರಿಕೆಯನ್ನು ತಮ್ಮ ತಮ್ಮ ವಾದ್ಯಕ್ಕೆ ಒಗ್ಗಿಸಿಕೊಂಡರು. ವಾದ್ಯದ ಬಡತನದಿಂದಲೇ ಶೈಲಿಯ ಸಿರಿ ಹುಟ್ಟಿತು.

ಚೌಕಟ್ಟು ಇಷ್ಟು ಬಿಗಿಯಾಗಿರುವಾಗ ವಾದಕನ ಸ್ವಾತಂತ್ರ್ಯವೆಲ್ಲಿ? ಅದು ಚೌಕಟ್ಟಿನ ಒಳಗೆ, ಅತಿ ಸಣ್ಣ ಜಾಗದಲ್ಲಿದೆ. ಮೊದಲ ಸುತ್ತಿನಲ್ಲಿ ರೋಲ್ ಇದ್ದ ಕಡೆ ಎರಡನೆಯ ಸುತ್ತಿನಲ್ಲಿ ಮೂರು ಬಿಡಿ ಸ್ವರಗಳು ಬರಬಹುದು. ಒಂದು ನುಡಿಯ ತುದಿ ಮುಂದಿನ ಆವರ್ತದೊಳಕ್ಕೆ ಚಾಚಬಹುದು. ಪಿಟೀಲಿನಲ್ಲಿ ಕಮಾನಿನ ಎಳೆತ ತಾಳದ ಪೆಟ್ಟಿಗೆ ವಿರುದ್ಧವಾಗಿ ಬೀಳಬಹುದು. ಹೊರಗಿನವನಿಗೆ ಒಂದೇ ಮಟ್ಟು ಮೂರು ಸಲ ಬಂದಂತೆ ತೋರಿದರೆ, ಬಲ್ಲವನಿಗೆ ಮೂರು ಸಲವೂ ಬೇರೆ ಬೇರೆಯಾಗಿ ಕೇಳಿಸುತ್ತದೆ. ಡೊನಿಗಾಲಿನವರು ಒಂದು ಸ್ವರಕ್ಕೊಂದು ಎಳೆತದಂತೆ ಚುರುಕಾಗಿ ನುಡಿಸುವರು. ಸ್ಲೈಗೋದವರು ರೋಲುಗಳನ್ನು ಧಾರಾಳವಾಗಿ ಬಳಸಿ ಪುಟಿಸುವರು. ಕ್ಲೇರ್ ಸೀಮೆಯ ಪೂರ್ವಭಾಗದವರು ನಿಧಾನವಾಗಿ ನಡೆಸುವರು. ಮಟ್ಟು ಎಲ್ಲರದು, ನುಡಿಸುವ ರೀತಿ ಊರಿನದು.

ಹಾಡಿನ ಕ್ಷೇತ್ರದಲ್ಲಿ ಸ್ಥಿತಿ ಬೇರೆ. ‘ಶಾನ್ ನೋಸ್’, ಅಂದರೆ ಹಳೆಯ ರೀತಿ, ಎನ್ನಿಸಿಕೊಳ್ಳುವ ಐರಿಷ್ ಭಾಷೆಯ ಗಾಯನದಲ್ಲಿ ಪಕ್ಕವಾದ್ಯವಿಲ್ಲ, ಕಟ್ಟುನಿಟ್ಟಾದ ತಾಳವೂ ಇಲ್ಲ. ಮಾತಿನ ಒತ್ತನ್ನೇ ಹಿಡಿದು ಸ್ವರ ಸಾಗುತ್ತದೆ. ಒಂದೇ ಜನ ಒಂದು ಕಡೆ ಇಷ್ಟು ಬಿಡುವನ್ನೂ ಇನ್ನೊಂದು ಕಡೆ ಅಷ್ಟು ಬಿಗಿಯನ್ನೂ ಸಾಧಿಸಿದರೆಂಬುದನ್ನು ನೆನೆದರೆ, ಈ ಸಂಗೀತವನ್ನು ಒಂದೇ ಭಾವದ ಹೆಸರಿನಿಂದ ಕರೆಯುವುದು ಎಷ್ಟು ಅನುಚಿತವೆಂಬುದು ತಿಳಿಯುತ್ತದೆ.

೫

ಬರವಣಿಗೆಯ ಚರಿತ್ರೆಗೆ ಈಗ ಬರಬಹುದು. ೧೭೯೨ರಲ್ಲಿ ಬೆಲ್‌ಫಾಸ್ಟಿನಲ್ಲಿ ಹಾರ್ಪ್ ವಾದಕರ ಸಮ್ಮೇಳನ ನಡೆದಾಗ ಅವರ ಮಟ್ಟುಗಳನ್ನು ಬರೆದುಕೊಳ್ಳಲು ನಿಯಮಿತನಾದವನು ೧೯ ವರ್ಷದ ಆರ್ಗನ್ ವಾದಕ ಎಡ್ವರ್ಡ್ ಬಂಟಿಂಗ್. ಅಳಿಯುತ್ತಿದ್ದ ಒಂದು ಪರಂಪರೆಯ ಕೊನೆಯ ಪ್ರತಿನಿಧಿಗಳನ್ನು ಆತ ಕೇಳಿದನೆಂಬುದು ಅಳಿಯದ ಕೀರ್ತಿ. ಆದರೆ ೧೭೯೬, ೧೮೦೯ ಮತ್ತು ೧೮೪೦ರಲ್ಲಿ ಅಚ್ಚು ಹಾಕಿಸಿದಾಗ ಆತ ಅವುಗಳಿಗೆ ಪಿಯಾನೋ ಉಡುಪು ತೊಡಿಸಿದನು. ಕೊಳ್ಳುವವರ ಮನೆಯಲ್ಲಿ ಇದ್ದುದು ಪಿಯಾನೋ.

ಚೌಕಟ್ಟು ಸುಲಭವಾಗಿ ಪ್ರಯಾಣ ಮಾಡುತ್ತದೆ, ನಡೆ ಮಾಡುವುದಿಲ್ಲ ಎಂಬುದಕ್ಕೆ ದಕ್ಷಿಣ ಭಾರತದಲ್ಲಿಯೇ ಒಂದು ನಿದರ್ಶನವಿದೆ. ಮದರಾಸಿನ ಸಮೀಪದ ಮಣಲಿಯಲ್ಲಿದ್ದ ಕಾಲದಲ್ಲಿ ಮುತ್ತುಸ್ವಾಮಿ ದೀಕ್ಷಿತರು (೧೭೭೫-೧೮೩೫) ಕೋಟೆಯ ಬ್ಯಾಂಡಿನಿಂದ ಪಾಶ್ಚಾತ್ಯ ಮಟ್ಟುಗಳನ್ನು ಕೇಳಿ ಅವುಗಳಿಗೆ ಸಂಸ್ಕೃತ ಸಾಹಿತ್ಯ ರಚಿಸಿದರೆಂಬುದು ಪ್ರಸಿದ್ಧ. ‘ನೋಟ್ಟುಸ್ವರ’ಗಳೆಂಬ ಆ ರಚನೆಗಳಲ್ಲಿ ‘ವಂದೇ ಮೀನಾಕ್ಷಿ’ಗೆ ಮೂಲ ‘ಲಿಮರಿಕ್’ ಎಂಬ ಮಟ್ಟೆಂದೂ, ‘ಜಗದೀಶ ಗುರುಗುಹ’ಕ್ಕೆ ಮೂಲ ‘ಲಾರ್ಡ್ ಮ್ಯಾಕ್‌ಡೊನಾಲ್ಡ್ಸ್ ರೀಲ್’ ಎಂದೂ ಸಂಶೋಧಕರು ಗುರುತಿಸಿರುವರು. ಮೊದಲನೆಯದರ ಹೆಸರು ಐರ್ಲೆಂಡಿನ ಊರಿನದು. ಎರಡನೆಯದು ಸ್ಕಾಟ್ಲೆಂಡಿನ ಸ್ವತ್ತು. ದೀಕ್ಷಿತರು ಇವುಗಳನ್ನು ಗಮಕವಿಲ್ಲದೆ, ಶಂಕರಾಭರಣದ ಬಿಡಿ ಸ್ವರಗಳಲ್ಲಿ ಇಟ್ಟರು. ಬ್ಯಾಂಡಿನ ಹಾಳೆಯಲ್ಲಿ ಇದ್ದಷ್ಟು ಅವರಿಗೆ ದೊರೆಯಿತು. ಹಾಳೆಯಲ್ಲಿ ಇಲ್ಲದ ಸ್ಲೈಗೋ ಪಿಟೀಲುಗಾರನ ‘ಲಿಫ್ಟ್’ ದೊರೆಯುವಂತಿರಲಿಲ್ಲ.

ಇನ್ನು ಫ್ರಾನ್ಸಿಸ್ ಓನೀಲ್. ೧೮೪೮ರಲ್ಲಿ ಕಾರ್ಕ್ ಜಿಲ್ಲೆಯ ಬಾಂಟ್ರಿಯ ಬಳಿ ಹುಟ್ಟಿ, ೧೬ನೆಯ ವಯಸ್ಸಿನಲ್ಲಿ ಮನೆ ಬಿಟ್ಟು ಹಡಗು ಹತ್ತಿ, ಕೊನೆಗೆ ಶಿಕಾಗೋ ಪೊಲೀಸು ಪಡೆಗೆ ಸೇರಿ, ೧೯೦೧ರಿಂದ ೧೯೦೫ರವರೆಗೆ ಅದರ ಮುಖ್ಯಾಧಿಕಾರಿಯಾಗಿದ್ದವನು. ಬಾಲ್ಯದಲ್ಲಿ ಕೇಳಿದ ಮಟ್ಟುಗಳು ಅವನ ನೆನಪಿನಲ್ಲಿದ್ದವು. ಬರೆಯುವ ಕಲೆ ಇರಲಿಲ್ಲ. ಅದನ್ನು ಒದಗಿಸಿದವನು ಅದೇ ಪಡೆಯ ಜೇಮ್ಸ್ ಓನೀಲ್. ಐರ್ಲೆಂಡಿನ ನಾನಾ ಜಿಲ್ಲೆಗಳಿಂದ ಬಂದು ಒಂದೇ ನಗರದಲ್ಲಿ ನೆಲೆಸಿದ್ದ ವಾದಕರನ್ನು ಇವರಿಬ್ಬರೂ ಕೇಳಿ ಬರೆದರು. ತಾಯ್ನಾಡಿನಲ್ಲಿ ಒಬ್ಬನು ವರ್ಷಗಟ್ಟಲೆ ಅಲೆದರೂ ಸಿಗದ ಸಂಗಮ ಇಲ್ಲಿ ಸಿಕ್ಕಿತು. ೧೯೦೩ರ ಸಂಪುಟದಲ್ಲಿ ೧,೮೫೦ ಮಟ್ಟುಗಳು, ೧೯೦೭ರ ಕುಣಿತದ ಸಂಪುಟದಲ್ಲಿ ೧,೦೦೧. ವಾದಕರು ಅದನ್ನು ‘ಪುಸ್ತಕ’ ಎಂದಷ್ಟೇ ಕರೆಯುತ್ತ ಬಂದಿರುವರು. ಬೇರೆ ಹೆಸರು ಬೇಕಾಗಲಿಲ್ಲ.

ಈ ಋಣವನ್ನು ಒಪ್ಪಿಕೊಂಡೇ ಸಂಗ್ರಹದ ದೋಷಗಳನ್ನು ಹೇಳಬೇಕು. ಎಲ್ಲ ಮಟ್ಟುಗಳೂ ವಾದಕರ ಬೆರಳಿನಿಂದ ಬಂದವಲ್ಲ. ಹಿಂದಿನ ಅಚ್ಚಿನ ಪುಸ್ತಕಗಳಿಂದ ತೆಗೆದವೂ ಬಹಳ. ಒಂದು ಮಟ್ಟಿಗೆ ಸಾಮಾನ್ಯವಾಗಿ ಒಂದೇ ಪಾಠ. ಅಲಂಕಾರ ವಿರಳ, ಪಾಠಭೇದ ಇಲ್ಲವೆನ್ನುವಷ್ಟು ಕಡಮೆ. ಇಲ್ಲಿ ಒಂದು ಅನಿರೀಕ್ಷಿತ ಉಪಯೋಗವೂ ಇದೆ. ೧೯೦೩ರ ಸಂಪುಟದಲ್ಲಿ ಡಬಲ್ ಜಿಗ್ಗುಗಳು ೪೧೫, ರೀಲುಗಳು ೩೮೦. ಇಂದು ವಾದಕರು ಕಲೆತ ಕಡೆಗಳಲ್ಲಿ ರೀಲಿನದೇ ಮೇಲುಗೈ. ಒಂದು ಶತಮಾನದಲ್ಲಿ ಅಭಿರುಚಿ ಯಾವ ಕಡೆ ಸರಿಯಿತೆಂಬುದನ್ನು ಆ ಪುಸ್ತಕವೇ ಸಾಕ್ಷಿ ಹೇಳುತ್ತದೆ.

೬

ಲಿಪಿ ಹಿಡಿಯಲಾರದುದನ್ನು ಗ್ರಾಮಫೋನ್ ತಟ್ಟೆ ಹಿಡಿಯಿತು. ಜೊತೆಗೆ ಇನ್ನೊಂದು ಬಗೆಯ ಸೆರೆಯನ್ನೂ ತಂದಿತು. ಸ್ಲೈಗೋ ಜಿಲ್ಲೆಯ ಮೈಕೆಲ್ ಕೋಲ್ಮನ್ (೧೮೯೧-೧೯೪೫) ೧೯೧೪ರಲ್ಲಿ ಅಮೆರಿಕಕ್ಕೆ ಹೋಗಿ, ೧೯೨೧ರಿಂದ ೧೯೩೬ರವರೆಗೆ ನ್ಯೂಯಾರ್ಕಿನಲ್ಲಿ ತಟ್ಟೆಗಳಿಗೆ ನುಡಿಸಿದನು. ಅವನ ಪಿಟೀಲಿನ ಲಯಶುದ್ಧಿ, ಪಾಠಭೇದಗಳ ಚಮತ್ಕಾರ ಇಂದಿಗೂ ಬೆರಗುಗೊಳಿಸುತ್ತವೆ. ಆ ತಟ್ಟೆಗಳು ಹಡಗೇರಿ ಊರಿಗೆ ಮರಳಿದವು. ಅಮೆರಿಕದಿಂದ ಬಂದದ್ದೆಂಬ ಗೌರವವೂ ಅವುಗಳಿಗೆ ಸೇರಿತು. ಸ್ಲೈಗೋದಿಂದ ದೂರದ ಸೀಮೆಗಳ ತರುಣರೂ ತಮ್ಮ ಊರಿನ ಪಾಠವನ್ನು ಬಿಟ್ಟು ಕೋಲ್ಮನ್ ಪಾಠವನ್ನು ಕಲಿತರು. ೧೯೩೪ರಲ್ಲಿ ಆತ ‘ಟಾರ್ಬೋಲ್ಟನ್’, ‘ಲಾಂಗ್‌ಫರ್ಡ್ ಕಲೆಕ್ಟರ್’, ‘ಸೇಲರ್ಸ್ ಬಾನೆಟ್’ ಎಂಬ ಮೂರು ರೀಲುಗಳನ್ನು ಒಂದರ ಹಿಂದೊಂದು ನುಡಿಸಿದನು. ಇಂದಿಗೂ ವಾದಕರು ಅದೇ ಅನುಕ್ರಮದಲ್ಲಿ ಅವುಗಳನ್ನು ನುಡಿಸುವರು. ತಟ್ಟೆಯ ಒಂದು ಮಗ್ಗುಲು ಮೂರು ನಿಮಿಷದ ಆಸುಪಾಸು. ಅದರಲ್ಲಿ ರೀಲೊಂದು ಪೂರ್ತಿಯಾಗಿ ಹಿಡಿಸುವುದು ಐದಾರು ಸಲ ಮಾತ್ರ. ಕುಣಿಯುವವರು ದಣಿಯುವವರೆಗೆ ನುಡಿಸುತ್ತಿದ್ದ ಕಲೆಗೆ ಯಂತ್ರವೊಂದು ಕಾಲಮಿತಿ ಗೊತ್ತುಮಾಡಿತು.

ಅದೇ ಕಾಲದಲ್ಲಿ ತಾಯ್ನಾಡಿನಲ್ಲಿ ಮತ್ತೊಂದು ಪೆಟ್ಟು ಬಿದ್ದಿತು. ೧೯೩೫ರ ಸಾರ್ವಜನಿಕ ಕುಣಿತದ ಸಭಾಂಗಣಗಳ ಕಾಯಿದೆ ಪರವಾನಗಿಯಿಲ್ಲದ ಕುಣಿತಗಳನ್ನು ನಿರ್ಬಂಧಿಸಿತು. ಪಾದ್ರಿಗಳೂ ಪೊಲೀಸರೂ ಅದನ್ನು ಅಡುಗೆಮನೆಯ ಕುಣಿತಗಳಿಗೂ ಅನ್ವಯಿಸಿದ ಕಡೆಗಳಲ್ಲಿ ಆ ಕೂಟಗಳು ಅಳಿದವು. ದೊಡ್ಡ ಸಭಾಂಗಣಕ್ಕೆ ಒಂಟಿ ಪಿಟೀಲು ಸಾಲದು. ಪಿಯಾನೋ, ಡ್ರಮ್ಮು ಕೂಡಿದ ವೃಂದಗಳು ಬಂದವು. ಹತ್ತು ಮಂದಿ ಒಟ್ಟಿಗೆ ನುಡಿಸುವಾಗ ಪಾಠಭೇದಕ್ಕೆ ಎಡೆಯಿಲ್ಲ. ಡ್ರಮ್ಮು ತಾಳ ಹಿಡಿದ ಮೇಲೆ ಸ್ವರದೊಳಗಿನ ತಾಳ ಮೊಂಡಾಗುತ್ತದೆ. ವಾದಕರು ಪಾನಗೃಹದಲ್ಲಿ ಸುತ್ತ ಕುಳಿತು ತಮಗಾಗಿ ನುಡಿಸುವ ‘ಸೆಷನ್’ ಎಂಬ ಕೂಟ ಇಂದು ಈ ಸಂಗೀತದ ಮನೆಯೆನಿಸಿದೆ. ಅದು ಬೇರೂರಿದ್ದು ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ, ಲಂಡನ್ನಿನಂಥ ನಗರಗಳಿಗೆ ಕೂಲಿಗಾಗಿ ಹೋದವರ ನಡುವೆ. ಅಲ್ಲಿ ಕುಣಿಯುವವರಿಲ್ಲ. ಕುಣಿಯುವವನ ಉಸಿರು ವೇಗಕ್ಕೆ ಹಾಕುತ್ತಿದ್ದ ಮಿತಿ ತಪ್ಪಿತು. ರೀಲಿನ ವೇಗ ಹೆಚ್ಚಿತು. ವೇಗ ಹೆಚ್ಚಿದಂತೆ ದೀರ್ಘ-ಹ್ರಸ್ವಗಳ ಆ ಕೂದಲೆಳೆಯ ಭೇದ ತೆಳುವಾಗುವುದು ಅನಿವಾರ್ಯ. ಸೆಷನ್ನಿನಲ್ಲಿ ಕೇಳಿಬರುವ ಎಷ್ಟೋ ವಾದನದ ಮುಖ್ಯ ಕೊರತೆ ಇದೇ.

೭

ಇಷ್ಟೆಲ್ಲ ಆದ ಮೇಲೆ ಬಂದವರು ಬ್ರೆಂಡಾನ್ ಬ್ರಾನಖ್ (೧೯೧೨-೧೯೮೫). ಸ್ವತಃ ಪೈಪ್ ವಾದಕರಾದ ಅವರ ‘ಕ್ಯೋಲ್ ರಿಂಕಾ ನ ಹೇರನ್’ ಸಂಗ್ರಹದ ಮೊದಲ ಸಂಪುಟ ೧೯೬೩ರಲ್ಲಿ ಹೊರಬಂದಿತು. ಅವರ ಮರಣಾನಂತರದವೂ ಸೇರಿ ಒಟ್ಟು ಐದು ಸಂಪುಟಗಳು. ಓನೀಲನ ಸಂಖ್ಯೆಯ ಮುಂದೆ ಒಂದೊಂದು ಸಂಪುಟವೂ ಚಿಕ್ಕದು. ಆದರೆ ಪ್ರತಿ ಮಟ್ಟೂ ಇಂಥ ವಾದಕನ ಪಾಠವೆಂದು ಹೆಸರು ಹೊತ್ತಿದೆ, ಅಲಂಕಾರಗಳಿಗೆ ಚಿಹ್ನೆಗಳಿವೆ, ಆ ಮಟ್ಟಿನ ಬೇರೆ ಹೆಸರುಗಳ, ಬಂಧುಮಟ್ಟುಗಳ ಟಿಪ್ಪಣಿಯಿದೆ. ಒಂದೇ ಮಟ್ಟಿಗೆ ಹಲವು ಹೆಸರು, ಒಂದೇ ಹೆಸರಿಗೆ ಹಲವು ಮಟ್ಟು ಇರುವ ಈ ಲೋಕದಲ್ಲಿ ಅಂಥ ಟಿಪ್ಪಣಿಯಿಲ್ಲದೆ ಸಂಗ್ರಹ ಕೇವಲ ರಾಶಿಯಾಗುತ್ತದೆ. ೧೯೮೭ರಲ್ಲಿ ಡಬ್ಲಿನ್ನಿನಲ್ಲಿ ಸ್ಥಾಪಿತವಾದ ಐರಿಷ್ ಪಾರಂಪರಿಕ ಸಂಗೀತ ಭಂಡಾರ ಧ್ವನಿ, ಲಿಪಿ, ಚಿತ್ರ ಮೂರನ್ನೂ ಒಂದೇ ಸೂರಿನಡಿ ತಂದಿತು.

ಓನೀಲನನ್ನೂ ಬ್ರಾನಖರನ್ನೂ ಎದುರುಬದುರಾಗಿ ನಿಲ್ಲಿಸಿ ಒಬ್ಬರನ್ನು ಇಳಿಸುವುದು ನ್ಯಾಯವಲ್ಲ. ಕಳೆದುಹೋಗುವುದೆಂಬ ಭಯದಿಂದ ಕೂಡಿಟ್ಟವನು ಒಬ್ಬ. ಕೂಡಿಟ್ಟದ್ದನ್ನು ಅದರ ಊರಿಗೆ, ಅದರ ಕೈಗೆ ಹಿಂದಕ್ಕೆ ಒಪ್ಪಿಸಿದವರು ಇನ್ನೊಬ್ಬರು. ಹೊರನಾಡಿಗನ ನೆನಪಿನಲ್ಲಿ ಮಟ್ಟು ಉಳಿಯುತ್ತದೆ. ಆದರೆ ಅದು ಆತ ಹೊರಟ ದಿನದ ಪಾಠವಾಗಿ ನಿಲ್ಲುತ್ತದೆ. ಊರಿನಲ್ಲಿ ಅದು ನಡೆಯುತ್ತ, ಮಾರ್ಪಡುತ್ತ, ಕೆಲವೊಮ್ಮೆ ಕೆಡುತ್ತಲೂ ಇರುತ್ತದೆ. ನೆನಪಿನ ಪಾಠವೇ ಪ್ರಮಾಣವೆಂದು ಊರಿಗೆ ಮರಳಿದಾಗ ಏನಾಗುವುದೆಂಬುದನ್ನು ಕೋಲ್ಮನ್ನನ ತಟ್ಟೆಗಳ ಕಥೆ ಹೇಳುತ್ತದೆ. ಅದರಲ್ಲಿ ಆತನ ತಪ್ಪಿಲ್ಲ. ತಪ್ಪಿದ್ದರೆ, ಒಂದು ಪಾಠವನ್ನು ಏಕೈಕ ಪಾಠವೆಂದು ತಿಳಿದವರದು.

ಮುಂಬಯಿ, ಪುಣೆ, ಮದರಾಸುಗಳಲ್ಲಿ ಕುಳಿತು ಊರಿನ ಹಂತಿಯ ಪದಗಳನ್ನೋ ಕೋಲಾಟದ ಮಟ್ಟುಗಳನ್ನೋ ಸಂಗ್ರಹಿಸಲು ಹೊರಡುವ ಕನ್ನಡ ಸಂಘಗಳಿಗೆ ಈ ಚರಿತ್ರೆಯಿಂದ ಉಪಯೋಗವುಂಟು. ಹಾಡಿದವರ ಹೆಸರು, ಊರು, ದಿನಾಂಕ ಬರೆಯಬೇಕು. ಎರಡು ಪಾಠ ಸಿಕ್ಕಿದರೆ ಎರಡನ್ನೂ ಇಡಬೇಕು, ತಿದ್ದಿ ಒಂದು ಮಾಡಬಾರದು. ಕುಣಿತದ ಮಟ್ಟಾದರೆ ಹೆಜ್ಜೆಯನ್ನೂ ಅದರೊಡನೆಯೇ ದಾಖಲಿಸಬೇಕು. ಎಂಟು ಆವರ್ತಗಳನ್ನು ಏಕೆ ಎರಡು ಸಲ ನುಡಿಸುವರೆಂಬ ಪ್ರಶ್ನೆಗೆ ಉತ್ತರ ಪಿಟೀಲಿನಲ್ಲಿ ಇರಲಿಲ್ಲ, ಎಡಗಾಲಿನಲ್ಲಿ ಇತ್ತು.